‘ಇನ್’ ಇದ್ದರೂ ಉರಿಯುತ್ತೆ: ಥಿನ್ನರ್ ಗೋಡೌನಿನ ಕೆಲಸದ ಅನುಭವ

ತುಮಕೂರು ರಸ್ತೆಯಲ್ಲಿ ಓಡಾಡುವವರು ಒಂದಲ್ಲ ಒಂದು ದಿನ ಪೆಟ್ರೋಲ್ ಟ್ಯಾಂಕರ್ ಹಿಂದೆ ಸಿಕ್ಕಿಕೊಂಡೇ ಇರುತ್ತಾರೆ. ಮುಂದೆ ಹೋಗೋಕೆ ಜಾಗ ಇಲ್ಲ, ಓದೋಕೆ ಬೇರೇನೂ ಇಲ್ಲ. ಟ್ಯಾಂಕರ್ ಬೆನ್ನ ಮೇಲೆ ದೊಡ್ಡ ಅಕ್ಷರದಲ್ಲಿ ‘ಹೈಲಿ ಇನ್‌ಫ್ಲ್ಯಾಮಬಲ್’ ಅಂತ ಇರುತ್ತದೆ. ಅದೇ ಗಾಡಿಗೆ ಅಂಟಿಸಿದ ಕೆಂಪು ಡೈಮಂಡ್ ಗುರುತಿನಲ್ಲಿ ‘ಫ್ಲ್ಯಾಮಬಲ್ ಲಿಕ್ವಿಡ್’ ಅಂತ ಇರುತ್ತದೆ. ಗಾಡಿ ಒಂದೇ, ಒಳಗಿರುವ ಪೆಟ್ರೋಲೂ ಒಂದೇ. ಒಂದು ಕಡೆ ‘ಇನ್’ ಇದೆ, ಇನ್ನೊಂದು ಕಡೆ ಇಲ್ಲ. ಯಾರೋ ಪೇಂಟರ್ ತಪ್ಪು ಬರೆದಿರಬೇಕು ಅಂತ ಅನಿಸಿದರೆ ಅದರಲ್ಲಿ ಆಶ್ಚರ್ಯ ಇಲ್ಲ.

ಯಾರೂ ತಪ್ಪು ಬರೆದಿಲ್ಲ. ಎರಡಕ್ಕೂ ಅರ್ಥ ಒಂದೇ: ಸುಲಭವಾಗಿ ಬೆಂಕಿ ಹತ್ತಿಕೊಳ್ಳುವಂಥದ್ದು. ಬೆಂಕಿ ಹತ್ತದ ವಸ್ತುವಿಗೆ ಇಂಗ್ಲಿಷಿನಲ್ಲಿ ‘ನಾನ್-ಫ್ಲ್ಯಾಮಬಲ್’ ಅನ್ನುತ್ತಾರೆ. ಇಷ್ಟೇ ವಿಷಯ ಆಗಿದ್ದರೆ ಇದನ್ನು ಬರೆಯುವ ಅಗತ್ಯ ಇರಲಿಲ್ಲ, ಡಿಕ್ಷನರಿ ಸಾಕಿತ್ತು. ನಾನು ಬಣ್ಣ ಮತ್ತು ಥಿನ್ನರ್ ತಯಾರಿಸುವ ಕಾರ್ಖಾನೆಯ ಸೇಫ್ಟಿ ವಿಭಾಗದಲ್ಲಿದ್ದೇನೆ. ಟೊಲುಯೀನ್, ಅಸಿಟೋನ್, ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಅನ್ನುವ ದ್ರಾವಕಗಳು ತುಂಬಿದ ಡ್ರಮ್‌ಗಳ ನಡುವೆಯೇ ನಮ್ಮ ದಿನ ಕಳೆಯುವುದು. ಅಲ್ಲಿ ಈ ‘ಇನ್’ ಅನ್ನುವ ಎರಡಕ್ಷರ ಏನೇನು ಆಟ ಆಡಿಸುತ್ತದೆ ಅಂತ ನೋಡುತ್ತಾ ಬಂದಿದ್ದೇನೆ.

ಹೊಸಬರು ಕೆಲಸಕ್ಕೆ ಸೇರಿದಾಗ ಮೊದಲ ದಿನ ಇಂಡಕ್ಷನ್ ಕ್ಲಾಸ್ ಇರುತ್ತದೆ. ಅಲ್ಲಿ ಒಂದು ಚಿಕ್ಕ ಪರೀಕ್ಷೆ ಇಡುತ್ತೇನೆ. ಮೇಜಿನ ಮೇಲೆ ಎರಡು ಟಿನ್. ಒಂದರ ಮೇಲೆ ‘ಫ್ಲ್ಯಾಮಬಲ್’, ಇನ್ನೊಂದರ ಮೇಲೆ ‘ಇನ್‌ಫ್ಲ್ಯಾಮಬಲ್’. ಎರಡರ ಮೇಲೂ ಬೆಂಕಿಯ ಚಿತ್ರ ಇರುತ್ತದೆ, ಆದರೆ ಸ್ವಲ್ಪ ಚಿಕ್ಕದಾಗಿ. ‘ಬೀಡಿ ಸೇದಬೇಕು ಅಂದ್ರೆ ಯಾವುದರ ಪಕ್ಕ ನಿಲ್ಲಬಹುದು?’ ಅಂತ ಕೇಳುತ್ತೇನೆ. ಕಾರ್ಖಾನೆಯ ಒಳಗೆ ಎಲ್ಲೂ ಸೇದಬಾರದು ಅಂತ ಗೊತ್ತಿರುವ ಜಾಣರು ನಗುತ್ತಾರೆ. ಉಳಿದವರು ಯೋಚನೆ ಮಾಡುತ್ತಾರೆ.

ಐಟಿಐ, ಡಿಪ್ಲೊಮಾ ಮುಗಿಸಿ ಬಂದ ಹುಡುಗ ಹುಡುಗಿಯರಲ್ಲಿ ಸುಮಾರು ಜನ ‘ಇನ್‌ಫ್ಲ್ಯಾಮಬಲ್’ ಟಿನ್ ಕಡೆ ಕೈ ತೋರಿಸುತ್ತಾರೆ. ಕಾರಣ ಕೇಳಿದರೆ ಸರಿಯಾಗಿಯೇ ಹೇಳುತ್ತಾರೆ: ‘ಇನ್ ಅಂದ್ರೆ ಅಲ್ಲ ಅಂತ ಅಲ್ವಾ ಮೇಡಂ? ಇನ್‌ಕರೆಕ್ಟ್, ಇನ್‌ವಿಸಿಬಲ್, ಇನ್‌ಕಂಪ್ಲೀಟ್.’ ಶಾಲೆಯಲ್ಲಿ ವಿರುದ್ಧ ಪದ ಬರೆಸಿದ್ದು ಹಾಗೆಯೇ. ನ್ಯಾಯ ಅನ್ಯಾಯ, ಸತ್ಯ ಅಸತ್ಯ ಅಂತ ಕನ್ನಡದಲ್ಲಿ ಕಲಿತ ಮೇಲೆ ಇಂಗ್ಲಿಷಿನಲ್ಲೂ ಅದೇ ಲೆಕ್ಕ ಹಾಕುವುದು ಸಹಜ. ತರ್ಕದಲ್ಲಿ ತಪ್ಪೇ ಇಲ್ಲ. ಉತ್ತರ ಮಾತ್ರ ತಪ್ಪು.

ರಾಯಚೂರು ಕಡೆಯಿಂದ ಬಂದ ಒಬ್ಬ ಹಿರಿಯ ಹೆಲ್ಪರ್ ಅದೇ ಕ್ಲಾಸಿನಲ್ಲಿದ್ದರು. ಇಂಗ್ಲಿಷ್ ಓದೋಕೆ ಬರುವುದಿಲ್ಲ. ಅವರು ಎರಡೂ ಟಿನ್ ನೋಡಿ ಹೇಳಿದ್ದು ಇಷ್ಟು: ‘ಎರಡಕ್ಕೂ ಬೆಂಕಿ ಚಿತ್ರ ಐತಲ್ರೀ ಮೇಡಂ. ಬೀಡಿ ಗೇಟಿನ ಹೊರಗ ಸೇದಬೇಕ್ರಿ.’

ಇಂಗ್ಲಿಷ್ ಬಾರದವರಿಂದಲೇ ಅಪಾಯ ಜಾಸ್ತಿ ಅಂತ ನಮ್ಮಂಥ ಕಡೆ ಆಫೀಸಿನಲ್ಲಿ ಕೂತವರು ನಂಬಿರುತ್ತಾರೆ. ಈ ಪದದ ಮಟ್ಟಿಗಂತೂ ನಾನು ಕಂಡದ್ದು ಉಲ್ಟಾ. ಓದಲು ಬಾರದವರು ಚಿತ್ರ ನೋಡುತ್ತಾರೆ, ವಾಸನೆ ನೋಡುತ್ತಾರೆ, ಪಕ್ಕದವರನ್ನು ಕೇಳುತ್ತಾರೆ. ಇಂಗ್ಲಿಷ್ ಚೆನ್ನಾಗಿ ಬಲ್ಲವರಿಗೆ ಈ ಪದದ ಗುಟ್ಟು ಮೊದಲೇ ಗೊತ್ತಿರುತ್ತದೆ. ನಡುವಿನವರೇ ಎಡವುವುದು. ಅವರಿಗೆ ಓದೋಕೆ ಬರುತ್ತದೆ, ನಿಯಮ ಗೊತ್ತಿದೆ, ಆದ್ದರಿಂದ ಯಾರನ್ನೂ ಕೇಳುವುದಿಲ್ಲ. ಶಿಫ್ಟ್ ಇನ್‌ಚಾರ್ಜ್ ಆಗುವವರೂ ಮುಂದೆ ಅವರೇ.

ಹಾಗಾದರೆ ಈ ‘ಇನ್’ ಎಲ್ಲಿಂದ ಬಂತು? ಲ್ಯಾಟಿನ್‌ನಲ್ಲಿ ‘ಫ್ಲಮ್ಮ’ ಅಂದರೆ ಜ್ವಾಲೆ. ‘ಇನ್‌ಫ್ಲಮ್ಮಾರೆ’ ಅಂದರೆ ಬೆಂಕಿ ಹಚ್ಚು, ಉರಿ ಎಬ್ಬಿಸು. ಇಲ್ಲಿನ ‘ಇನ್’ ಅಂದರೆ ‘ಒಳಗೆ’. ‘ಅಲ್ಲ’ ಅನ್ನುವ ‘ಇನ್’ ಬೇರೆಯದು. ನೋಡಲು ಎರಡೂ ಒಂದೇ ಥರ. ಲ್ಯಾಟಿನ್‌ನಿಂದ ಬಂದ ‘ಇನ್‌ಫ್ಲ್ಯಾಮಬಲ್’ ಇಂಗ್ಲಿಷಿನಲ್ಲಿ 17ನೇ ಶತಮಾನದ ಆರಂಭದಿಂದಲೂ ಇದೆ. ‘ಫ್ಲ್ಯಾಮಬಲ್’ ಬಂದದ್ದು 19ನೇ ಶತಮಾನದಲ್ಲಿ. ಅಂದರೆ ‘ಇನ್’ ಇರುವುದೇ ಹಳೆಯ ಪದ. ಬರೀ ‘ಫ್ಲ್ಯಾಮಬಲ್’ ಅನ್ನುವುದು ಆಮೇಲೆ ಬಂದ ತಮ್ಮ.

ಕ್ಲಾಸಿನಲ್ಲಿ ಇಷ್ಟೆಲ್ಲ ಲ್ಯಾಟಿನ್ ಹೇಳಿದರೆ ಊಟದ ಹೊತ್ತಿಗೆ ಎಲ್ಲರೂ ಮರೆತಿರುತ್ತಾರೆ. ಅದಕ್ಕೆ ಡಾಕ್ಟರ್ ಚೀಟಿಯ ದಾರಿ ಹಿಡಿಯುತ್ತೇನೆ. ಮಂಡಿ ಊದಿಕೊಂಡಾಗ ಡಾಕ್ಟರ್ ‘ಇನ್‌ಫ್ಲಮೇಷನ್’ ಅಂತಾರಲ್ಲ, ಅದೂ ಇದೇ ಮನೆಯ ಪದ. ಕನ್ನಡದಲ್ಲಿ ಅದಕ್ಕೆ ಉರಿಯೂತ ಅನ್ನುತ್ತೇವೆ. ಉರಿ ಇದೆ, ಊತ ಇದೆ. ‘ಇನ್‌ಫ್ಲಮೇಷನ್ ಅಂದ್ರೆ ಉರಿ ಇಲ್ಲ ಅಂತಾನಾ?’ ಅಂತ ಕೇಳಿದರೆ ಎಲ್ಲರಿಗೂ ತಟ್ಟನೆ ಹೊಳೆಯುತ್ತದೆ. ಮನೆಯಲ್ಲಿ ಅಮ್ಮನ ಮಂಡಿನೋವು ನೋಡಿದವರು ಇದನ್ನು ಮರೆಯುವುದಿಲ್ಲ. ಇದೇ ಜಾತಿಯ ಇನ್ನೊಂದು ಜೋಡಿ ‘ಹ್ಯಾಬಿಟಬಲ್’, ‘ಇನ್‌ಹ್ಯಾಬಿಟಬಲ್’. ಎರಡಕ್ಕೂ ಅರ್ಥ ವಾಸ ಮಾಡಲು ಯೋಗ್ಯ ಅಂತ. ಅದರಿಂದ ಯಾರ ಜೀವಕ್ಕೂ ಅಪಾಯ ಇಲ್ಲ, ಹೆಚ್ಚೆಂದರೆ ಬಾಡಿಗೆ ಕರಾರಿನಲ್ಲಿ ಜಗಳ ಆದೀತು. ಡ್ರಮ್ ಮೇಲಿನ ಪದದ ಕಥೆ ಹಾಗಲ್ಲ.

ಈ ಗೊಂದಲವನ್ನು ಮೊದಲು ಕಂಡವರು ನಾವೇನಲ್ಲ. ಇಂಗ್ಲಿಷನ್ನೇ ಮನೆಮಾತಾಗಿ ಆಡುವ ಅಮೆರಿಕದಲ್ಲೇ ಇದು ತಲೆನೋವಾಗಿತ್ತು. ಬೆಂಕಿ ಸುರಕ್ಷತೆಯ ನಿಯಮ ರೂಪಿಸುವ ಅಲ್ಲಿನ ನ್ಯಾಷನಲ್ ಫೈರ್ ಪ್ರೊಟೆಕ್ಷನ್ ಅಸೋಸಿಯೇಷನ್ 1920ರ ದಶಕದಲ್ಲೇ ‘ಇನ್‌ಫ್ಲ್ಯಾಮಬಲ್’ ಬಿಟ್ಟು ‘ಫ್ಲ್ಯಾಮಬಲ್’ ಬಳಸಿ ಅಂತ ಒತ್ತಾಯಿಸಿತು. ವಿಮಾ ಕಂಪನಿಗಳೂ ದನಿಗೂಡಿಸಿದವು. ಬ್ರಿಟನ್ನಿನ ಸ್ಟ್ಯಾಂಡರ್ಡ್ಸ್ ಸಂಸ್ಥೆ 1959ರಲ್ಲಿ ಅದೇ ದಾರಿ ಹಿಡಿಯಿತು. ಭಾಷಾ ಪಂಡಿತರಿಗೆ ‘ಫ್ಲ್ಯಾಮಬಲ್’ ಅಷ್ಟು ಹಿಡಿಸಲಿಲ್ಲವಂತೆ, ಹಳೆಯ ಪದವೇ ಶುದ್ಧ ಅನ್ನುವ ವಾದ. ಶುದ್ಧವಾದ ಪದ ಓದಿ ಮೈ ಸುಟ್ಟುಕೊಳ್ಳುವುದಕ್ಕಿಂತ ಒರಟು ಪದವೇ ವಾಸಿ, ನನ್ನ ಮಟ್ಟಿಗೆ.

ನಮ್ಮ ದೇಶದ ಕಾನೂನು ಪುಸ್ತಕದಲ್ಲಿ ಎರಡೂ ಪದ ಹಾಯಾಗಿ ಬದುಕುತ್ತಿವೆ. 1952ರಲ್ಲಿ ಬಂದ ಕಾಯ್ದೆಯ ಹೆಸರೇ ‘ಇನ್‌ಫ್ಲ್ಯಾಮಬಲ್ ಸಬ್‌ಸ್ಟೆನ್ಸಸ್ ಆ್ಯಕ್ಟ್’. ಅದು ಅಪಾಯಕಾರಿ ಅಂತ ಹೆಸರಿಸಿದ ಪಟ್ಟಿಯಲ್ಲಿ ಅಸಿಟೋನ್ ಇದೆ, ಮೀಥೈಲ್ ಆಲ್ಕೋಹಾಲ್ ಇದೆ, ಹಳೇ ಕಾಲದ ನೈಟ್ರೋಸೆಲ್ಯುಲೋಸ್ ಸಿನಿಮಾ ರೀಲೂ ಇದೆ. 2025ರಲ್ಲಿ ರದ್ದಾದ 1948ರ ಕಾರ್ಖಾನೆ ಕಾಯ್ದೆಯ 37ನೇ ಸೆಕ್ಷನ್ನಿನ ತಲೆಬರಹದಲ್ಲೂ ‘ಇನ್‌ಫ್ಲ್ಯಾಮಬಲ್’ ಅಂತಲೇ ಇತ್ತು. ಆದರೆ ಅಪಾಯಕಾರಿ ರಾಸಾಯನಿಕಗಳಿಗಾಗಿ 1989ರಲ್ಲಿ ಮಾಡಿದ ನಿಯಮಗಳಲ್ಲಿ ‘ಫ್ಲ್ಯಾಮಬಲ್’. ಭೋಪಾಲ ದುರಂತ ಆದ ಮೇಲೆ ಬಂದ ನಿಯಮಗಳಿವು. ಅಷ್ಟು ಹೊತ್ತಿಗೆ ಪ್ರಪಂಚದ ಬೇರೆ ಕಡೆ ಹೊಸ ಪದ ರೂಢಿಯಾಗಿತ್ತು. ಹೀಗಾಗಿ ಒಂದೇ ಕಾರ್ಖಾನೆಯ ಗೋಡೆ ಮೇಲೆ ಎರಡು ಕಾಲದ ಬೋರ್ಡು. ಹಳೇ ಬೋರ್ಡಿನಲ್ಲಿ ಒಂದು, ಹೊಸ ಲೇಬಲ್ಲಿನಲ್ಲಿ ಇನ್ನೊಂದು. ಇದನ್ನು ಹೊಸ ಹುಡುಗರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ.

ಪದದ ವಿಷಯ ಇಷ್ಟಾದರೆ, ಅದಕ್ಕಿಂತ ಮುಖ್ಯವಾದ ಇನ್ನೊಂದು ವಿಷಯ ಇದೆ. ಎಷ್ಟು ಸುಲಭವಾಗಿ ಬೆಂಕಿ ಹತ್ತುತ್ತದೆ ಅಂತ ಈ ಎರಡೂ ಪದ ಹೇಳುವುದೇ ಇಲ್ಲ. ಅದನ್ನು ಹೇಳುವುದು ಫ್ಲ್ಯಾಶ್ ಪಾಯಿಂಟ್. ದ್ರವ ತಾನೇ ಉರಿಯುವುದಿಲ್ಲ, ಅದರ ಮೇಲಿನ ಆವಿ ಉರಿಯುತ್ತದೆ. ಕಿಡಿ ತಗುಲಿದರೆ ಭಗ್ ಅನ್ನುವಷ್ಟು ಆವಿ ಎದ್ದೇಳಲು ಕಡಿಮೆ ಅಂದರೆ ಎಷ್ಟು ಬಿಸಿ ಬೇಕೋ ಅದೇ ಫ್ಲ್ಯಾಶ್ ಪಾಯಿಂಟ್. ಪೆಟ್ರೋಲಿಗೆ ಅದು ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೆ. ಅಸಿಟೋನಿಗೆ ಸೊನ್ನೆಗಿಂತ ಸುಮಾರು 20 ಡಿಗ್ರಿ ಕೆಳಗೆ. ಟೊಲುಯೀನಿಗೆ ಸುಮಾರು 4 ಡಿಗ್ರಿ, ಐಪಿಎಗೆ ಸುಮಾರು 12. ಬೆಂಗಳೂರಿನಲ್ಲಿ ಮೈ ನಡುಗುವ ಚಳಿ ಅಂತ ನಾವು ಸ್ವೆಟರ್ ಹಾಕಿಕೊಳ್ಳುವ ಜನವರಿ ಬೆಳಗ್ಗೆಯೂ ಈ ಡ್ರಮ್‌ಗಳು ಕಿಡಿಗೆ ಕಾಯುತ್ತಲೇ ಇರುತ್ತವೆ. ಚಳಿಗಾಲದಲ್ಲಿ ಭಯ ಇಲ್ಲ ಅನ್ನುವ ಮಾತು ನಮ್ಮ ಗೋಡೌನಿನಲ್ಲಿ ನಡೆಯುವುದಿಲ್ಲ.

1934ರ ಪೆಟ್ರೋಲಿಯಂ ಕಾಯ್ದೆಯ ವಿಂಗಡಣೆ ನಿಂತಿರುವುದೂ ಇದೇ ಲೆಕ್ಕದ ಮೇಲೆ. 23 ಡಿಗ್ರಿಗಿಂತ ಕಡಿಮೆ ಫ್ಲ್ಯಾಶ್ ಪಾಯಿಂಟ್ ಇದ್ದರೆ ಎ ಕ್ಲಾಸ್. 23ರಿಂದ 65ರ ಒಳಗಿದ್ದರೆ ಬಿ. 65ರಿಂದ 93ರ ಒಳಗಿದ್ದರೆ ಸಿ. ಪೆಟ್ರೋಲ್ ಎ ಆದರೆ ಡೀಸೆಲ್, ಸೀಮೆಎಣ್ಣೆ ಬಿ. ಲೈಸೆನ್ಸ್ ಎಷ್ಟು ಲೀಟರಿಗೆ ಬೇಕು, ಶೆಡ್ಡು ಎಷ್ಟು ದೂರ ಇರಬೇಕು ಅನ್ನುವುದೆಲ್ಲ ಈ ಎ, ಬಿ, ಸಿ ಮೇಲೆ ನಿಂತಿದೆ. ಬೋರ್ಡಿನಲ್ಲಿ ‘ಇನ್’ ಇದೆಯೋ ಇಲ್ಲವೋ, ಇನ್‌ಸ್ಪೆಕ್ಷನ್‌ಗೆ ಬಂದವರು ಕೇಳುವುದು ಕ್ಲಾಸು ಯಾವುದು ಅಂತ. ಹುಡುಗರಿಗೂ ನಾನು ಅದನ್ನೇ ಕಲಿಸುತ್ತೇನೆ. ಪದ ಓದಿ ನಿಲ್ಲಬೇಡಿ, ಕೆಳಗಿನ ಸಾಲಿನ ಡಿಗ್ರಿ ಓದಿ.

ಡಿಗ್ರಿಯ ಜೊತೆ ಇನ್ನೊಂದು ಸಂಖ್ಯೆಯೂ ಇದೆ. ಟ್ಯಾಂಕರ್ ಮೇಲೆ ಚೌಕಟ್ಟು ಚೌಕಟ್ಟಾಗಿ ಒಂದು ಫಲಕ ಇರುತ್ತದಲ್ಲ, ಅದರಲ್ಲಿ ನಾಲ್ಕಂಕಿಯ ನಂಬರ್ ಇರುತ್ತದೆ. ಅದು ಯುಎನ್ ನಂಬರ್, ಅಂದರೆ ಅಪಾಯಕಾರಿ ಸರಕಿಗೆ ವಿಶ್ವಸಂಸ್ಥೆಯ ಪಟ್ಟಿ ಕೊಟ್ಟ ಗುರುತು. 1203 ಅಂದರೆ ಪೆಟ್ರೋಲ್. 1202 ಡೀಸೆಲ್. 1090 ಅಸಿಟೋನ್. 1294 ಟೊಲುಯೀನ್. ನಮ್ಮ ಬಣ್ಣ ಮತ್ತು ಥಿನ್ನರ್ ಹೋಗುವುದು 1263ರ ಅಡಿಯಲ್ಲಿ. ಪೆಟ್ರೋಲ್ ಫಲಕದ ಮೇಲೆ ‘3ವೈಇ’ ಅಂತಲೂ ಒಂದು ಕೋಡ್ ಇರುತ್ತದೆ. 3 ಅಂದರೆ ನೊರೆ ಹಾಕಿ ಆರಿಸಬೇಕು. ವೈ ಅಂದರೆ ಉಸಿರಾಟದ ಉಪಕರಣ ಹಾಕಿಕೊಳ್ಳಬೇಕು, ಚೆಲ್ಲಿದ್ದನ್ನು ಚರಂಡಿಗೆ ಬಿಡದೆ ತಡೆಯಬೇಕು. ಇ ಅಂದರೆ ಸುತ್ತಲಿನ ಜನರನ್ನು ಖಾಲಿ ಮಾಡಿಸುವ ಯೋಚನೆ ಮಾಡಬೇಕು. ಮೂರು ಅಕ್ಷರದಲ್ಲಿ ಅಗ್ನಿಶಾಮಕ ದಳದವರಿಗೆ ಬೇಕಾದ್ದೆಲ್ಲ ಇದೆ. ಬೆನ್ನ ಮೇಲಿನ ದೊಡ್ಡಕ್ಷರ ಹಿಂದೆ ಬರುವ ನಮ್ಮಂಥವರಿಗೆ. ಈ ಸಣ್ಣ ಫಲಕ ಬೆಂಕಿ ಆರಿಸುವವರಿಗೆ. ನಮ್ಮ ಡ್ರೈವರ್‌ಗಳಲ್ಲಿ ಇಂಗ್ಲಿಷ್ ಬಾರದವರೂ ಈ ನಂಬರ್‌ಗಳನ್ನು ತಮ್ಮ ಮೊಬೈಲ್ ನಂಬರ್ ಹೇಳಿದಷ್ಟೇ ಸಲೀಸಾಗಿ ಹೇಳುತ್ತಾರೆ.

‘ನಾನ್-ಫ್ಲ್ಯಾಮಬಲ್’ ಕಥೆ ಬೇರೆ. ನೈಟ್ರೋಜನ್, ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಮೇಲೆ ಹಸಿರು ಡೈಮಂಡ್, ಅದರಲ್ಲಿ ‘ನಾನ್-ಫ್ಲ್ಯಾಮಬಲ್ ಗ್ಯಾಸ್’ ಅಂತ ಇರುತ್ತದೆ. ಬೆಂಕಿಯ ಭಯ ಇಲ್ಲ, ಸರಿ. ಆದರೆ ಹಸಿರು ನೋಡಿದ ತಕ್ಷಣ ಪೂರ್ತಿ ನಿರಾಳ ಆಗುವವರಿದ್ದಾರೆ. ನಮ್ಮಲ್ಲಿ ಮಿಕ್ಸಿಂಗ್ ಟ್ಯಾಂಕ್ ಒಳಗೆ ಬೆಂಕಿ ಹತ್ತದಿರಲಿ ಅಂತ ನೈಟ್ರೋಜನ್ ಬಿಡುತ್ತೇವೆ. ಅದು ಗಾಳಿಯನ್ನು ಹೊರಗೆ ತಳ್ಳುತ್ತದೆ. ಬೆಂಕಿಗೆ ಬೇಕಾದ ಆಮ್ಲಜನಕ ಇಲ್ಲ ಅಂದರೆ ಮನುಷ್ಯನಿಗೂ ಇಲ್ಲ. ವಾಸನೆ ಇಲ್ಲ, ಬಣ್ಣ ಇಲ್ಲ, ಇಳಿದವರಿಗೆ ಗೊತ್ತೂ ಆಗುವುದಿಲ್ಲ. ಆಕ್ಸಿಜನ್ ಮೀಟರ್ ಇಲ್ಲದೆ, ಪರ್ಮಿಟ್ ಇಲ್ಲದೆ ಟ್ಯಾಂಕಿಗೆ ಇಳಿಯುವಂತಿಲ್ಲ ಅನ್ನುವ ನಿಯಮ ಇದಕ್ಕೇ.

ಫ್ರೆಂಚ್ ಭಾಷೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಸ್ವಲ್ಪ ತಮಾಷೆಯಾಗಿದೆ. ಯುರೋಪಿನಿಂದ ಬರುವ ಕೆಲವು ಕೆಮಿಕಲ್ ಡ್ರಮ್‌ಗಳ ಮೇಲೆ ನಾಲ್ಕೈದು ಭಾಷೆಯಲ್ಲಿ ಬರೆದಿರುತ್ತದೆ. ಫ್ರೆಂಚ್‌ನಲ್ಲಿ ‘ಇನ್‌ಫ್ಲ್ಯಾಮಬಲ್’ ಅಂದರೆ ಉರಿಯುವಂಥದ್ದೇ, ಕಾಗುಣಿತವೂ ಅದೇ, ಉಚ್ಚಾರ ಮಾತ್ರ ಬೇರೆ. ಉರಿಯದ ವಸ್ತುವಿಗೆ ಅವರು ಇನ್ನೊಂದು ‘ಇನ್’ ಸೇರಿಸುತ್ತಾರೆ: ‘ಇನ್‌ಇನ್‌ಫ್ಲ್ಯಾಮಬಲ್’. ಎರಡು ‘ಇನ್’ ಇದ್ದರೆ ಉರಿಯುವುದಿಲ್ಲ, ಒಂದೇ ಇದ್ದರೆ ಉರಿಯುತ್ತದೆ! ನಮ್ಮ ಸ್ಟೋರ್ ಕೀಪರ್ ಒಬ್ಬರು ಇದನ್ನು ಕೇಳಿ ‘ಇವರಿಗೆ ಬೇರೆ ಕೆಲಸ ಇಲ್ವಾ ಮೇಡಂ’ ಅಂದರು. ಇಂಥ ಡ್ರಮ್ ಬಂದಾಗ ನಮ್ಮ ನಿಯಮ ಸರಳ. ಬರಹ ಓದುವುದೇ ಬೇಡ. ಕೆಂಪು ಅಂಚಿನ ಡೈಮಂಡ್ ಒಳಗೆ ಬೆಂಕಿಯ ಚಿತ್ರ ಇದೆಯಾ ನೋಡಿ, ಎಸ್‌ಡಿಎಸ್ (ಕೆಮಿಕಲ್‌ನ ಸುರಕ್ಷತಾ ಮಾಹಿತಿ ಪತ್ರ) ತೆಗೆದು ಫ್ಲ್ಯಾಶ್ ಪಾಯಿಂಟ್ ನೋಡಿ, ಆಮೇಲೆ ಯಾವ ರ‍್ಯಾಕ್‌ಗೆ ಅಂತ ತೀರ್ಮಾನ ಮಾಡಿ.

ಇನ್ನು ನಾನು ಜಾಸ್ತಿ ಹೇಳಬೇಕಿರುವುದು ಖಾಲಿ ಡ್ರಮ್ ಬಗ್ಗೆ. ಪದ ನಂಬಿ ಮೋಸ ಹೋಗುವ ವಿಷಯದಲ್ಲಿ ‘ಇನ್‌ಫ್ಲ್ಯಾಮಬಲ್’ಗಿಂತ ದೊಡ್ಡ ಮೋಸಗಾರ ಪದ ‘ಎಂಪ್ಟಿ’. ಕನ್ನಡದ ‘ಖಾಲಿ’ಯೂ ಅಷ್ಟೇ. ಅಮೆರಿಕದಲ್ಲಿ ಬೆಂಜಮಿನ್ ಲೀ ವೋರ್ಫ್ ಅಂತ ಒಬ್ಬರಿದ್ದರು. ಭಾಷಾಶಾಸ್ತ್ರದಲ್ಲಿ ದೊಡ್ಡ ಹೆಸರು. ಆದರೆ ಸಂಬಳಕ್ಕೆ ಮಾಡುತ್ತಿದ್ದ ಕೆಲಸ ಹಾರ್ಟ್‌ಫರ್ಡ್‌ನ ಅಗ್ನಿ ವಿಮಾ ಕಂಪನಿಯಲ್ಲಿ, ಬೆಂಕಿ ಅನಾಹುತಗಳ ಕಾರಣ ಹುಡುಕುವುದು, ಆಗದಂತೆ ತಡೆಯುವುದು. ಓದಿದ್ದು ಕೆಮಿಕಲ್ ಎಂಜಿನಿಯರಿಂಗ್. ಅವರು ಗಮನಿಸಿದ್ದು ಇದು: ಪೆಟ್ರೋಲ್ ತುಂಬಿದ ಡ್ರಮ್ ಹತ್ತಿರ ಜನ ಬಹಳ ಹುಷಾರಾಗಿ ಇರುತ್ತಾರೆ. ‘ಖಾಲಿ’ ಡ್ರಮ್ ಹತ್ತಿರ ಆರಾಮಾಗಿ ಸಿಗರೇಟ್ ಸೇದುತ್ತಾರೆ, ತುಂಡನ್ನು ಅಲ್ಲೇ ಎಸೆಯುತ್ತಾರೆ. ನಿಜವಾಗಿ ಹೆಚ್ಚು ಅಪಾಯ ಇರುವುದು ಖಾಲಿ ಡ್ರಮ್ಮಿನಲ್ಲೇ.

ಯಾಕೆ ಅಂತ ಟೊಲುಯೀನ್ ಲೆಕ್ಕದಲ್ಲೇ ನೋಡೋಣ. ಗಾಳಿಯಲ್ಲಿ ಅದರ ಆವಿ ನೂರಕ್ಕೆ ಸುಮಾರು 1ರಿಂದ 7 ಭಾಗದವರೆಗೆ ಇದ್ದರೆ ಮಾತ್ರ ಸ್ಫೋಟ ಆಗುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಉರಿಯಲು ಆವಿ ಸಾಲದು. ಜಾಸ್ತಿ ಇದ್ದರೆ ಗಾಳಿ ಸಾಲದು. ಡ್ರಮ್ಮಿನಿಂದ ಟೊಲುಯೀನ್ ಸುರಿದ ಮೇಲೂ ತಳದಲ್ಲಿ, ಅಂಚಿನ ಮಡಿಕೆಯಲ್ಲಿ ಸ್ವಲ್ಪ ಉಳಿದಿರುತ್ತದೆ. ಮುಚ್ಚಳ ಹಾಕಿಟ್ಟರೆ, 25 ಡಿಗ್ರಿಯ ದಿನ ಆ ಡ್ರಮ್ ಒಳಗಿನ ಗಾಳಿಯಲ್ಲಿ ಆವಿ ನೂರಕ್ಕೆ 3 - 4 ಭಾಗಕ್ಕೆ ಬಂದು ನಿಲ್ಲುತ್ತದೆ. ಅಂದರೆ ಸರಿಯಾಗಿ ನಡುಮಧ್ಯ. 200 ಲೀಟರ್ ಡ್ರಮ್ಮಿನ ತುಂಬಾ ಹದವಾಗಿ ಬೆರೆತ ಸ್ಫೋಟಕ ಮಿಶ್ರಣ. ಅದರ ಮೇಲೆ ಚಾಕ್‌ಪೀಸಿನಲ್ಲಿ ‘ಖಾಲಿ’ ಅಂತ ಬರೆದಿರುತ್ತದೆ.

ಈಗ ನಮ್ಮ ಊರಿನ ಕಥೆಗೆ ಬನ್ನಿ. ಖಾಲಿ ಡ್ರಮ್ಮಿಗೆ ನಮ್ಮಲ್ಲಿ ಎಷ್ಟು ಬೇಡಿಕೆ! ಅರ್ಧಕ್ಕೆ ಕತ್ತರಿಸಿದರೆ ದನಕ್ಕೆ ನೀರಿಡುವ ತೊಟ್ಟಿ ಆಗುತ್ತದೆ. ಕಟ್ಟಡದ ಕೆಲಸದವರಿಗೆ ನೀರು ತುಂಬಿಡೋಕೆ ಬೇಕು. ಹೋಟೆಲಿನವರಿಗೆ ತಂದೂರಿ ಒಲೆ ಮಾಡೋಕೆ ಬೇಕು. ಗುಜರಿ ಅಂಗಡಿಯಲ್ಲಿ ಕೊಂಡು, ಪಕ್ಕದ ವೆಲ್ಡಿಂಗ್ ಶಾಪಿಗೆ ಉರುಳಿಸಿಕೊಂಡು ಹೋಗಿ, ‘ಅಣ್ಣ, ಇದನ್ನ ನಡುವೆ ಕಟ್ ಮಾಡಿ ಕೊಡಿ’ ಅನ್ನುತ್ತಾರೆ. ಗ್ಯಾಸ್ ಕಟ್ಟರ್ ತಾಗಿದ ಕ್ಷಣ ಮುಚ್ಚಳ ಹಾರಿ ಬರುತ್ತದೆ. ಡ್ರಮ್ ಮೇಲೆ ‘ಫ್ಲ್ಯಾಮಬಲ್’ ಅಂತ ಬರೆದಿತ್ತೋ ‘ಇನ್‌ಫ್ಲ್ಯಾಮಬಲ್’ ಅಂತ ಬರೆದಿತ್ತೋ, ಅಲ್ಲಿಗೆ ಬರುವ ಹೊತ್ತಿಗೆ ಲೇಬಲ್ಲೇ ಕಿತ್ತುಹೋಗಿರುತ್ತದೆ.

ಕೆಮಿಕಲ್ ಅಂಟಿದ ಖಾಲಿ ಡ್ರಮ್ಮನ್ನು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ತ್ಯಾಜ್ಯದ ಪಟ್ಟಿಯಲ್ಲೇ ಸೇರಿಸಿವೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಇರುವವರಿಗೆ ಮಾತ್ರ ಕೊಡಬೇಕು. ಆದರೆ ಹೆಲ್ಪರ್‌ಗಳು, ಲೋಡಿಂಗಿನವರು ‘ಮನೆಗೆ ಒಂದು ಡ್ರಮ್ ಕೊಡಿಸಿ ಮೇಡಂ’ ಅಂತ ಕೇಳುತ್ತಲೇ ಇರುತ್ತಾರೆ. ಇಲ್ಲ ಅಂದರೆ ಜಿಪುಣತನ ಅಂದುಕೊಳ್ಳುತ್ತಾರೆ. ಬರೀ ನಿಯಮ ಹೇಳಿದರೆ ಯಾರೂ ಒಪ್ಪುವುದಿಲ್ಲ. ಅದಕ್ಕೆ ಗಾಳಿಯಲ್ಲಿ ಉರಿಯುವ ಆವಿ ಎಷ್ಟಿದೆ ಅಂತ ಅಳೆಯುವ ಗ್ಯಾಸ್ ಮೀಟರ್ ತೆಗೆದುಕೊಂಡು ಹೋಗಿ ಅವರ ಮುಂದೆಯೇ ಖಾಲಿ ಡ್ರಮ್ಮಿನ ಬಾಯಿಗೆ ಹಿಡಿಯುತ್ತೇನೆ. ಮೀಟರ್ ಕಿರುಚಲು ಶುರು ಮಾಡುತ್ತದೆ. ಆ ಶಬ್ದ ಕೇಳಿದ ಮೇಲೆ ಡ್ರಮ್ ಕೇಳುವವರು ಕಡಿಮೆಯಾದರು.

ಆವಿ ಕಣ್ಣಿಗೆ ಕಾಣುವುದಿಲ್ಲ ಅನ್ನುವುದು ಒಂದು ತೊಂದರೆ, ಅದು ನಿಂತಲ್ಲಿ ನಿಲ್ಲುವುದಿಲ್ಲ ಅನ್ನುವುದು ಇನ್ನೊಂದು. ಅಸಿಟೋನ್ ಆವಿ ಗಾಳಿಗಿಂತ ಎರಡು ಪಟ್ಟು ಭಾರ, ಟೊಲುಯೀನ್ ಆವಿ ಮೂರು ಪಟ್ಟು. ಚೆಲ್ಲಿದ ನೀರಿನ ಹಾಗೆ ಅದು ನೆಲ ಹಿಡಿದು ತಗ್ಗಿನ ಕಡೆ ಹರಿಯುತ್ತದೆ, ಚರಂಡಿಗೆ ಇಳಿಯುತ್ತದೆ. ಆದ್ದರಿಂದಲೇ ನಮ್ಮಲ್ಲಿ ಗ್ಯಾಸ್ ಡಿಟೆಕ್ಟರ್‌ಗಳು ಮೊಣಕಾಲಿಗಿಂತ ಕೆಳಗಿವೆ. ನೋಡಲು ಬಂದವರು ‘ಇಷ್ಟು ಕೆಳಗೆ ಯಾಕೆ ಹಾಕಿದ್ದೀರಿ, ಯಾರಾದರೂ ಒದ್ದುಬಿಡ್ತಾರೆ’ ಅನ್ನುತ್ತಾರೆ. ಒದೆಯುವುದೂ ನಿಜ. ಅದಕ್ಕೆ ಸುತ್ತ ಕಬ್ಬಿಣದ ಬೇಲಿ ಹಾಕಿಸಿದ್ದೇವೆ.

ಇನ್ನು ಸುರಿಯುವ ಕೆಲಸ. ಟೊಲುಯೀನ್ ಪೈಪಿನಲ್ಲಿ ಹರಿಯುವಾಗಲೇ ಸ್ಟ್ಯಾಟಿಕ್ ಕರೆಂಟ್ ಹುಟ್ಟುತ್ತದೆ. ಡ್ರಮ್ಮಿಗೂ ಅದರಿಂದ ತುಂಬಿಸಿಕೊಳ್ಳುವ ಪಾತ್ರೆಗೂ ತಾಮ್ರದ ತಂತಿಯ ಕ್ಲಿಪ್ ಹಾಕಿ, ಎರಡನ್ನೂ ಅರ್ಥಿಂಗ್‌ಗೆ ಸೇರಿಸಬೇಕು. ಪ್ಲಾಸ್ಟಿಕ್ ಬಕೆಟ್ ಕೂಡದು, ಅದಕ್ಕೆ ಅರ್ಥಿಂಗ್ ಮಾಡೋಕೆ ಆಗುವುದಿಲ್ಲ. ಹಗುರ ಅಂತ ಎಲ್ಲರಿಗೂ ಪ್ಲಾಸ್ಟಿಕ್ ಬಕೆಟ್ಟೇ ಇಷ್ಟ. ಈ ಜಗಳ ನಮ್ಮಲ್ಲಿ ಮುಗಿಯುವ ಹಾಗೆ ಕಾಣುವುದಿಲ್ಲ. ಕಬ್ಬಿಣದ ಸ್ಪ್ಯಾನರ್ ಬದಲು ಕಿಡಿ ಹಾರದ ಹಿತ್ತಾಳೆ ಸ್ಪ್ಯಾನರ್ ಕೊಟ್ಟಿದ್ದೇವೆ. ಹಿತ್ತಾಳೆಗೆ ಗುಜರಿಯಲ್ಲಿ ಒಳ್ಳೆ ರೇಟು ಇರುವುದರಿಂದ ಅವು ಆಗಾಗ ಮಾಯವಾಗುತ್ತವೆ. ಅದು ಬೇರೆ ವಿಷಯ ಬಿಡಿ.

ಮತ್ತೆ ಪದಗಳಿಗೆ ಬರುತ್ತೇನೆ. ಒಂದು ಸಲ ಆಡಿಟ್‌ಗೆ ಮುಂಚೆ ಆಫೀಸಿನಲ್ಲಿ ಒಬ್ಬರು ಹುರುಪಿನಿಂದ ಹೇಳಿದರು: ಎಲ್ಲ ಬೋರ್ಡುಗಳನ್ನೂ ‘ಫ್ಲ್ಯಾಮಬಲ್’ ಅಂತ ಬದಲಾಯಿಸಿಬಿಡೋಣ, ಒಂದೇ ಪದ ಇದ್ದರೆ ಗೊಂದಲ ಇರುವುದಿಲ್ಲ. ಒಳ್ಳೆಯ ಯೋಚನೆಯೇ. ಆದರೆ ನಾನು ಪೂರ್ತಿ ಒಪ್ಪಲಿಲ್ಲ. ನಮ್ಮ ಗೇಟಿನ ಒಳಗೆ ನಾವು ಒಂದೇ ಪದ ಮಾಡಬಹುದು. ಗೇಟಿಗೆ ಬರುವ ಟ್ಯಾಂಕರ್ ಬೆನ್ನ ಮೇಲೆ ಇನ್ನೊಂದು ಪದ ಇದ್ದೇ ಇರುತ್ತದೆ. ಸಪ್ಲೈಯರ್ ಕಳಿಸುವ ಡ್ರಮ್ ಮೇಲೂ ಇರುತ್ತದೆ. ಒಳಗೆ ಒಂದೇ ಪದ ನೋಡಿ ಅಭ್ಯಾಸ ಆದವರು ಹೊರಗೆ ‘ಇನ್’ ಇರುವುದನ್ನು ಕಂಡರೆ ಇನ್ನೂ ಜಾಸ್ತಿ ಗಲಿಬಿಲಿ ಆಗುತ್ತಾರೆ. ‘ನಮ್ಮದು ಉರಿಯೋದು, ಇದು ಬೇರೆ’ ಅಂದುಕೊಳ್ಳುತ್ತಾರೆ.

ಆಮೇಲೆ ಮಾಡಿದ್ದು ಹೀಗೆ. ನಾವೇ ಮಾಡಿಸುವ ಬೋರ್ಡಿನಲ್ಲಿ ಮೊದಲು ದೊಡ್ಡದಾಗಿ ಬೆಂಕಿಯ ಚಿತ್ರ. ಅದರ ಕೆಳಗೆ ಕನ್ನಡದಲ್ಲಿ ‘ಬೇಗ ಬೆಂಕಿ ಹತ್ತುತ್ತದೆ’ ಅಂತ. ‘ದಹನಶೀಲ’ ಅಂತ ಬರೆಸೋಣ ಅಂದವರೂ ಇದ್ದರು. ಹೆಲ್ಪರ್‌ಗಳನ್ನು ಕರೆದು ಓದಿಸಿದೆವು. ಒಬ್ಬರು ‘ಸಹನಶೀಲ’ ಅಂತ ಓದಿದರು. ಥಿನ್ನರ್‌ಗೆ ಸಹನೆ ಇದೆ ಅಂತ ಬೋರ್ಡ್ ಹಾಕೋದು ಬೇಡ ಅಂತ ಅಲ್ಲಿಗೆ ಆ ಮಾತು ಬಿಟ್ಟೆವು. ಕನ್ನಡದ ಕೆಳಗೆ ಹಿಂದಿ, ಬಿಹಾರ, ಒಡಿಶಾ ಕಡೆಯಿಂದ ಬಂದವರಿಗೆ ಅಂತ. ಕೊನೆಗೆ ಇಂಗ್ಲಿಷ್, ಎರಡೂ ಪದ ಒಂದರ ಪಕ್ಕ ಒಂದು, ನಡುವೆ ಸಮ ಚಿಹ್ನೆ. ಆಡಿಟ್‌ಗೆ ಬಂದವರು ಆ ಸಮ ಚಿಹ್ನೆ ನೋಡಿ ಸ್ವಲ್ಪ ಹೊತ್ತು ನಿಂತರು. ತಪ್ಪು ಅಂತ ಬರೆಯಲಿಲ್ಲ.

ಡ್ರಮ್ ಯಾರ್ಡಿನಲ್ಲಿ ‘ಎಂಪ್ಟಿ’, ‘ಖಾಲಿ’ ಎರಡೂ ಬೋರ್ಡು ತೆಗೆಸಿದೆವು. ಅಲ್ಲಿ ಈಗ ಎರಡೇ ಜಾಗ: ‘ತೊಳೆದಿಲ್ಲ’, ‘ತೊಳೆದಿದೆ’. ತೊಳೆಯದ ಡ್ರಮ್ಮಿನ ಮೇಲಿನ ಅಪಾಯದ ಲೇಬಲ್ ಕೀಳುವಂತಿಲ್ಲ, ಮುಚ್ಚಳ ತೆಗೆದಿಡುವಂತಿಲ್ಲ. ಸಾಗಾಣಿಕೆಯ ಅಂತರರಾಷ್ಟ್ರೀಯ ನಿಯಮಗಳೂ ಇದನ್ನೇ ಹೇಳುತ್ತವೆ. ಒಳಗಿನ ಮಾಲು ಹೋಗಿದ್ದರೂ ಶುಚಿಯಾಗುವವರೆಗೆ ತುಂಬಿದ ಡ್ರಮ್ಮಿನ ಲೇಬಲ್ಲೇ ಇರಬೇಕು. ವೆಲ್ಡಿಂಗ್, ಕಟಿಂಗ್‌ನಂಥ ಕಿಡಿ ಹಾರುವ ಕೆಲಸಕ್ಕೆ ಅನುಮತಿ ಕೊಡುವ ಹಾಟ್ ವರ್ಕ್ ಪರ್ಮಿಟ್ ಫಾರ್ಮಿನಲ್ಲೂ ‘ಹತ್ತಿರ ಖಾಲಿ ಡ್ರಮ್ ಇದೆಯೇ?’ ಅಂತ ಒಂದು ಪ್ರಶ್ನೆ ಸೇರಿಸಿದೆವು. ಮೊದಲು ಅಲ್ಲಿ ‘ಫ್ಲ್ಯಾಮಬಲ್ ವಸ್ತು ಇದೆಯೇ?’ ಅಂತ ಮಾತ್ರ ಇತ್ತು. ಖಾಲಿ ಡ್ರಮ್ ಇದ್ದರೂ ಜನ ‘ಇಲ್ಲ’ ಅಂತ ಟಿಕ್ ಹಾಕುತ್ತಿದ್ದರು. ಸುಳ್ಳು ಹೇಳುವ ಉದ್ದೇಶ ಅಲ್ಲ. ಅವರ ಪ್ರಕಾರ ಅಲ್ಲಿ ಏನೂ ಇರಲಿಲ್ಲ.

ನಿಮ್ಮ ಮನೆಯಲ್ಲೂ ಈ ಜೋಡಿ ಪದ ಇರುತ್ತದೆ, ಒಮ್ಮೆ ಹುಡುಕಿ ನೋಡಿ. ಡಿಯೋಡರೆಂಟ್ ಕ್ಯಾನ್, ಸೊಳ್ಳೆ ಓಡಿಸುವ ಸ್ಪ್ರೇ, ನೇಲ್ ಪಾಲಿಷ್ ರಿಮೂವರ್, ಕೊರೊನಾ ಕಾಲದಲ್ಲಿ ತಂದಿಟ್ಟ ಸ್ಯಾನಿಟೈಸರ್. ಕೆಲವದರ ಮೇಲೆ ‘ಇನ್’ ಇರುತ್ತದೆ, ಕೆಲವದರ ಮೇಲೆ ಇರುವುದಿಲ್ಲ. ಸ್ಯಾನಿಟೈಸರ್ ಹಚ್ಚಿಕೊಂಡ ಕೈಯಲ್ಲೇ ಗ್ಯಾಸ್ ಒಲೆ ಹಚ್ಚಬೇಡಿ, ಒಣಗುವವರೆಗೆ ಕಾಯಿರಿ. ಸ್ಪ್ರೇ ಕ್ಯಾನ್ ಮುಗಿದ ಮೇಲೆ ಕಸದ ಜೊತೆ ಸುಡಬೇಡಿ, ತೂತು ಮಾಡಲೂ ಹೋಗಬೇಡಿ. ಒತ್ತಿದರೆ ಏನೂ ಬರುತ್ತಿಲ್ಲ ಅಂದ ಮಾತ್ರಕ್ಕೆ ಒಳಗಿನ ಗ್ಯಾಸ್ ಪೂರ್ತಿ ಹೋಗಿರುವುದಿಲ್ಲ. ರೈಲಿನಲ್ಲಿ ಊರಿಗೆ ಹೋಗುವಾಗ ಥಿನ್ನರ್ ಡಬ್ಬ, ಪೆಟ್ರೋಲ್ ಬಾಟಲಿ ಚೀಲದಲ್ಲಿ ಇಟ್ಟುಕೊಳ್ಳುವವರಿಗೂ ಒಂದು ಮಾತು: 1989ರ ರೈಲ್ವೆ ಕಾಯ್ದೆಯ 164ನೇ ಸೆಕ್ಷನ್ ಪ್ರಕಾರ ಅದಕ್ಕೆ ಮೂರು ವರ್ಷದವರೆಗೆ ಜೈಲು ಆಗಬಹುದು.

ಸದ್ಯಕ್ಕೆ ನಮ್ಮಲ್ಲಿ ಉಳಿದಿರುವ ತಲೆನೋವು ಗುತ್ತಿಗೆದಾರರದ್ದು. ಅವರ ಕಡೆಯ ವೆಲ್ಡರ್‌ಗಳು ಒಂದೆರಡು ದಿನದ ಕೆಲಸಕ್ಕೆ ಬರುತ್ತಾರೆ, ಪೂರ್ತಿ ಇಂಡಕ್ಷನ್‌ಗೆ ಕೂರಿಸಲು ಹೊತ್ತಿಲ್ಲ ಅಂತ ಅವರ ಸೂಪರ್‌ವೈಸರ್ ಗೊಣಗುತ್ತಾರೆ. ಅವರಿಗೆ ಅಂತ ಗೇಟಿನಲ್ಲೇ ಹತ್ತು ನಿಮಿಷದ ಪಾಠ ಮಾಡಿದ್ದೇವೆ. ಅದರಲ್ಲಿ ಲ್ಯಾಟಿನ್ ಇಲ್ಲ, ಕಾಯ್ದೆ ಇಲ್ಲ. ಎರಡು ಟಿನ್, ಒಂದು ಖಾಲಿ ಡ್ರಮ್, ಒಂದು ಗ್ಯಾಸ್ ಮೀಟರ್. ಪಾಠ ಮುಗಿದ ಮೇಲೂ ಪರ್ಮಿಟ್ ಫಾರ್ಮನ್ನು ಅವರು ತಾವೇ ತುಂಬುವಂತಿಲ್ಲ. ನಮ್ಮವರೊಬ್ಬರು ಮೀಟರ್ ಹಿಡಿದುಕೊಂಡು ಕೆಲಸದ ಜಾಗಕ್ಕೆ ಹೋಗಿ, ಚರಂಡಿಯ ಬಾಯಿಗೂ ಹಿಡಿದು ನೋಡಿ, ಆಮೇಲೆ ಸಹಿ ಹಾಕುತ್ತಾರೆ.